ಬಾಯಿ ಹೊಲಿದ ಬ್ಯಾಗು

"ಈ ಬ್ಯಾಗು ನಿಮ್ಮ ಸೊಸೆ ತುಂಬಿದ್ದಲ್ಲ ಸುವರ್ಣಮ್ಮ. ತುಂಬಿದ ಕೈ ಇದೇ ಮನೇಲೈತೆ."

ಮಾತು ತನುಜಾ ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಹಿಂದೂಪುರದ ಆ ಬಟ್ಟೆ ವ್ಯಾಪಾರಿಗಳ ಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕಪಕ್ಕದವರು ಕತ್ತು ಇನ್ನಷ್ಟು ಮುಂದೆ ಚಾಚಿದರು.

ನಡುಮನೆಯಲ್ಲಿ ಚಾಪೆಯ ಮೇಲೆ ಕಂದು ಬಣ್ಣದ ಬ್ಯಾಗು ಬಾಯಿ ತೆರೆದುಕೊಂಡು ಬಿದ್ದಿತ್ತು. ಹೈದರಾಬಾದಿಗೆ ಹೋಗುವ ರಾತ್ರಿ ಗಾಡಿಯ ಸ್ಲೀಪರ್ ಬೋಗಿಯಲ್ಲಿ, ದಿವ್ಯಳ ಹೆಸರಿಗೆ ಕಾದಿರಿಸಿದ್ದ ಬರ್ತಿನ ಮೇಲೆ ಕೂತು ಈ ಬ್ಯಾಗು ಹೈದರಾಬಾದ್ ಮುಟ್ಟಿತ್ತು, ದಿವ್ಯ ಮುಟ್ಟಿರಲಿಲ್ಲ.

ದಿವ್ಯಳ ಗಂಡ ಶರಣಬಸವ ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದ. ಅವನ ತಾಯಿ ಸುವರ್ಣಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪೊಲೀಸ್ ಕಂಪ್ಲೇಂಟ್ ಬೇಡ, ಮರ್ಯಾದೆ ಪ್ರಶ್ನೆ, ನೀವೇ ಹುಡುಕಿಕೊಡಿ ಎಂದು, ತಮ್ಮದೇ ಮಳಿಗೆಯಲ್ಲಿ ಬಾಡಿಗೆಗೆ ಆಫೀಸು ಇಟ್ಟುಕೊಂಡಿದ್ದ ಖಾಸಗಿ ಡಿಟೆಕ್ಟಿವ್ ತನುಜಾಳನ್ನು ಕರೆಸಿದವರು ಅವರೇ.

ತನುಜಾ ಜೋರಾಗಿ ಮಾತಾಡಿದ್ದಕ್ಕೆ ಕಾರಣವಿತ್ತು. ಹೋದ ವಾರ ಇದೇ ನಡುಮನೆಯಲ್ಲಿ ಕೂತು ಅವಳು ಇನ್ನೊಂದು ಮಾತನ್ನು ಇಷ್ಟೇ ಜೋರಾಗಿ ಹೇಳಿದ್ದಳು. ನಿಮ್ಮ ಸೊಸೆ ತಾನಾಗೇ ಹೋಗಿದ್ದಾಳೆ, ಜೊತೆಗೆ ಅವಳ ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು ಮುತ್ತುರಾಜ್ ಇದ್ದಾನೆ, ಎಂದು. ಟಿಕೆಟ್ ಬುಕ್ ಆಗಿದ್ದು ಮುತ್ತುರಾಜನ ಫೋನಿನಿಂದ. ಅವನು ಅವತ್ತಿನಿಂದಲೇ ರಜೆ. ಫೋನು ಬಂದ್. ತನುಜಾ ಎರಡನ್ನೂ ಕೂಡಿಸಿ ಲೆಕ್ಕ ಮುಗಿಸಿದ್ದಳು. ಅಷ್ಟಕ್ಕೇ ಸುಮ್ಮನಾಗದೆ ಮಾರನೇ ದಿನ ಸ್ಕೂಲಿಗೂ ಹೋಗಿ ಹೇಳಿ ಬಂದಿದ್ದಳು.

ಆಮೇಲೊಂದು ದಿನ ಮುತ್ತುರಾಜ್ ಗೋರಂಟ್ಲದ ಬಸ್ಸಿನಿಂದ ಇಳಿದ. ಅಕ್ಕನ ಮಗುವಿನ ನಾಮಕರಣಕ್ಕೆ ಹೋಗಿದ್ದನಂತೆ. ಅಲ್ಲಿ ಫೋನು ನೀರಿನ ತೊಟ್ಟಿಗೆ ಬಿದ್ದಿತ್ತಂತೆ. ದಿವ್ಯ ಮೇಡಂ ಟಿಕೆಟ್ ಮಾಡಿಕೊಡಿ ಅಂದರು, ಮಾಡಿಕೊಟ್ಟೆ ಎಂದ. ಅವನಿಗೆ ಅದಕ್ಕಿಂತ ಹೆಚ್ಚು ಏನೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನ ಕೆಲಸ ಹೋಗಿತ್ತು.

ಅವನ ತಾಯಿ ಉಡುಸಲಮ್ಮ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಬುಟ್ಟಿಯ ಮುಂದೆ ತನುಜಾಳಿಗೆ ಎದುರಾಗಿದ್ದಳು. ಬೈಯುತ್ತಾಳೆಂದು ತನುಜಾ ಕಾದು ನಿಂತಳು. ಆ ಹೆಂಗಸು ಬೈಯಲಿಲ್ಲ. ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಬುಟ್ಟಿಗೆ ವಾಪಸ್ಸಿಟ್ಟು, ದೊಡ್ಡ ಮನುಷ್ಯರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ನಿಂತಳು. ತನುಜಾಳಿಗೆ ಈಗ ಈ ಕೇಸು ಹೇಗಾದರೂ ಬೇಗ ಮುಗಿಯಬೇಕಿತ್ತು. ತಪ್ಪು ಮಾಡಿದವಳು ಎಂಬ ಹೆಸರನ್ನು ಕಂಡುಹಿಡಿದವಳು ಎಂಬ ಹೆಸರಿನಿಂದ ಮುಚ್ಚಿಬಿಡಬೇಕಿತ್ತು.

"ದಿವ್ಯ ಹೈದರಾಬಾದ್‌ನಾಗೆ ಬಿ.ಎಡ್. ಓದಿದೋಳು. ಇದೇ ಗಾಡಿ, ಇದೇ ಸ್ಲೀಪರ್‌ನಾಗೆ ಓಡಾಡಿದೋಳು. ಹೌದೇನ್ರಿ?" ಎಂದು ಅವಳು ಶರಣಬಸವನನ್ನು ಕೇಳಿದಳು.

ಅವನು ತಲೆಯಾಡಿಸಿದ.

"ಸ್ಲೀಪರ್‌ನಾಗೆ ಓಡಾಡಿದೋರ ಬ್ಯಾಗು ಹೆಂಗಿರ್ತೈತೆ ಅಂತ ನಂಗೆ ಗೊತ್ತು. ನಾನೂ ಗುಂತಕಲ್ ಹಾಸ್ಟೆಲ್‌ನಾಗೆ ಇದ್ದೋಳೇ. ಹೊದಿಕೆ ಎಲ್ಲಕ್ಕಿಂತ ಮ್ಯಾಲೆ ಇಡ್ತೀವಿ, ಕತ್ತಲಾಗೆ ಕೈ ಹಾಕಿದ್ರೆ ಸಿಗ್ಬೇಕು ಅಂತ. ನೀರಿನ ಬಾಟ್ಲಿ ಪಕ್ಕದ ಜೇಬಿಗೆ. ಚಾರ್ಜರ್, ಬ್ರಷ್ಷು ಮುಂದಿನ ಜೇಬಿಗೆ. ಸೀಟಿನ ಕೆಳಗೆ ಬ್ಯಾಗು ಕಟ್ಟಕ್ಕೆ ಸರಪಳಿ, ಬೀಗ. ಇಲ್ಲೇನೈತೆ ನೋಡಿ."

ಅವಳು ಒಂದೊಂದನ್ನೇ ಎತ್ತಿ ತೋರಿಸಿದಳು. ಮಡಿಕೆ ಕೆಡದ ರೇಷ್ಮೆ ಸೀರೆಗಳು. ಹಿತ್ತಾಳೆಯ ಚೊಂಬು. ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ, ಈಗ ಬೂಷ್ಟು ಹಿಡಿದದ್ದು. ಡಬ್ಬಿಯಲ್ಲಿ ಕಡಲೆಬೀಜದ ಪುಡಿ. ವಿಭೂತಿ ಗಟ್ಟಿ. ಎಲ್ಲದರ ಅಡಿಯಲ್ಲಿ, ತಳಕ್ಕೆ ಒತ್ತಿ, ಒಗೆದು ಮಡಚಿದ ಹೊದಿಕೆ.

"ಬ್ಯಾಗೂ ಹೊಸದು. ಅಂಗಡಿ ಚೀಟಿ ಇನ್ನೂ ಹಿಡಿಕೇಲೇ ಐತೆ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದೈತೆ," ಎಂದು ಬ್ಯಾಗಿನ ಜಿಪ್ಪನ್ನು ಎತ್ತಿ ಹಿಡಿದಳು. ಜಿಪ್ಪಿನ ಎರಡೂ ಅಂಚಿಗೆ ಸೆಣಬಿನ ಹುರಿಯ ತುಂಡುಗಳು ನೇತಾಡುತ್ತಿದ್ದವು. ಬ್ಯಾಗಿನ ಬಾಯನ್ನು ಈ ತುದಿಯಿಂದ ಆ ತುದಿಗೆ ಯಾರೋ ಹೊಲಿದಿದ್ದರು. ವಾರಸುದಾರರಿಲ್ಲದ ಬ್ಯಾಗೆಂದು ಆ ಹೊಲಿಗೆಯನ್ನು ಕತ್ತರಿಸಿ, ವಾಪಸ್ ಕಳಿಸಿದ್ದು ರೈಲ್ವೆಯವರು.

"ರಾತ್ರಿ ಮಲಗೋಳು ತನ್ನ ಹೊದಿಕೆ ಇರೋ ಬ್ಯಾಗಿನ ಬಾಯಿ ಹೊಲ್ಕಂತಾಳಾ? ಇದನ್ನ ತೆಗೆಯೋರೇ ಇಲ್ಲ ಅಂತ ಗೊತ್ತಿದ್ದೋರು ಮಾತ್ರ ಹೊಲಿತಾರೆ. ದಿವ್ಯ ಗಾಡಿ ಹತ್ತಲ್ಲ ಅಂತ ಮೊದಲೇ ಗೊತ್ತಿದ್ದೋರು. ರೈಲಿನಾಗೆ ಒಂದು ರಾತ್ರಿನೂ ಮಲಗದೇ ಇರೋರು." ತನುಜಾ ನೇರವಾಗಿ ಸುವರ್ಣಮ್ಮನ ಮುಖ ನೋಡಿದಳು. "ನೀವು ರೈಲಿನಾಗೆ ಮಲಗಿದ್ದೀರಾ ಸುವರ್ಣಮ್ಮ?"

"ಇಲ್ಲ," ಎಂದರು ಸುವರ್ಣಮ್ಮ.

ಬಾಗಿಲಲ್ಲಿ ಗುಸುಗುಸು ಎದ್ದಿತು. ಯಾರೋ ತೆಲುಗಿನಲ್ಲಿ "ಅಯ್ಯೋ, ಅತ್ತಗಾರಾ?" ಎಂದರು.

ಸುವರ್ಣಮ್ಮ ಕುರ್ಚಿ ಬಿಟ್ಟು ಎದ್ದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಚಾಪೆಯ ಮೇಲೆ ಕೂತರು. ಬ್ಯಾಗಿನ ಬಾಯಿಯನ್ನು ತೊಡೆಯ ಮೇಲೆಳೆದುಕೊಂಡು ಹುರಿ ಹಾದುಹೋದ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದರು.

"ಅಮ್ಮಾ ತನುಜಾ, ಮೂರು ತಲೆಮಾರಿಂದ ಬಟ್ಟೆ ಅಂಗ್ಡಿ ನಮ್ದು. ಹೊಲಿಗೆ ನಂಗೆ ಗೊತ್ತಾಗ್ತೈತೆ. ಇದು ಬಟ್ಟೆ ಹೊಲಿಯೋರು ಹಾಕಿದ್ದಲ್ಲ. ದಬ್ಬಳದಾಗೆ ಹಾಕಿದ್ದು. ಮೂಟೆ ಬಾಯಿ ಹೊಲಿತಾರಲ್ಲ, ಆ ಹೊಲಿಗೆ." ಅವರು ಬ್ಯಾಗನ್ನು ತನುಜಾಳ ಕಡೆ ದೂಡಿದರು. "ದಿನಾ ಮೂಟೆ ಹೊಲಿಯೋ ಮನೆ ಯಾವ್ದು ಅಂತ ನೀವೇ ಯೋಚ್ನೆ ಮಾಡಿ. ಸುವರ್ಣಮ್ಮ ಕೈಯಾಗೆ ದಬ್ಬಳ ಹಿಡಿದಿದ್ದು ಈ ಬೀದಿಯಾಗೆ ಯಾರಾನ ನೋಡಿದ್ರೆ ಮುಂದೆ ಬಂದು ಹೇಳ್ಲಿ."

ಯಾರೂ ಮುಂದೆ ಬರಲಿಲ್ಲ.

ಹುರಿಯನ್ನು ತನುಜಾಳೂ ನೋಡಿದ್ದಳು, ಎರಡು ದಿನ ನೋಡಿದ್ದಳು. ಹೊಲಿದಿದ್ದಾರೆ ಎಂದು ಕಂಡಿತ್ತೇ ಹೊರತು ಎಂಥ ಹೊಲಿಗೆ ಎಂದು ಕಂಡಿರಲಿಲ್ಲ. ದಿವ್ಯಳ ತಂದೆ ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿ ತೋಟಪ್ಪ. ಅದು ಅವಳಿಗೆ ಮೊದಲ ದಿನವೇ ಗೊತ್ತಿತ್ತು.

"ನಮ್ಮನೇಲಿ ತಪ್ಪೇ ಇಲ್ಲ ಅನ್ನಲ್ಲ ನಾನು," ಎಂದು ಸುವರ್ಣಮ್ಮ ಮಗನ ಕಡೆ ಒಂದು ಸಲ ನೋಡಿದರು. ಶರಣಬಸವ ಎದ್ದು ಮಾತಿಲ್ಲದೆ ಒಳಗೆ ಹೋದ. "ಅದು ಬೇರೆ ಮಾತು. ಆದ್ರೆ ಹೋದ ವಾರ ಆ ಹುಡುಗನ್ನ ಬೀದಿಗೆ ತಂದ್ರಿ. ಈ ವಾರ ನನ್ನ ಸರದಿಯಾ? ಮುಂದಿನ ವಾರ ಯಾರನ್ನ ನೋಡ್ಕಂಡಿದ್ದೀರಿ?"

ಬಾಗಿಲಲ್ಲಿ ನಿಂತವರಿಗೆ ಕೇಳಿಸುವಷ್ಟು ಜೋರಾಗಿ ಆರೋಪ ಹೇಳಿದವಳಿಗೆ ತಪ್ಪಾಯಿತು ಎನ್ನುವಾಗ ದನಿಯೇ ಹೊರಡಲಿಲ್ಲ.

ಅವಳು ಮಂಡಿಯೂರಿ ಸಾಮಾನನ್ನು ಬ್ಯಾಗಿಗೆ ತುಂಬತೊಡಗಿದಳು. ಹೊದಿಕೆ ಹಾಕಿ, ಸೀರೆ ಒತ್ತಿ, ಡಬ್ಬಿ ಇಟ್ಟಳು. ಎಷ್ಟು ಸಲ ತೆಗೆದು ಜೋಡಿಸಿದರೂ ಅಷ್ಟೂ ಸಾಮಾನು ಮತ್ತೆ ಆ ಬ್ಯಾಗಿಗೆ ಹಿಡಿಯಲಿಲ್ಲ. ಮೊದಲು ತುಂಬಿದವರು ಎಷ್ಟು ಹೊತ್ತು ಕೂತು, ಎಷ್ಟು ಸಲ ಮಡಚಿ, ಮೂಲೆ ಮೂಲೆಗೆ ತುರುಕಿದ್ದರೋ. ಜಾಗ ಸಾಲದಿದ್ದರೆ ಒಂದು ಸೀರೆ ತೆಗೆದಿಡಬಹುದಿತ್ತು. ಅವರು ತೆಗೆದಿಟ್ಟಿರಲಿಲ್ಲ.

ಕೊನೆಗೆ ಚೊಂಬು ಹೊರಗೇ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ತನುಜಾ ಆ ಮನೆಯ ಮೆಟ್ಟಿಲಿಳಿದಳು. ಜನ ಸರಿದು ದಾರಿ ಬಿಟ್ಟರು.

*

ಕಲ್ಯಾಣದುರ್ಗದ ಬಸ್ಸು ಪಾವಗಡದ ಮೇಲೆ ಹೋಗುತ್ತದೆ. ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ದಾರಿ. ಕಿಟಕಿಯಾಚೆ ಬೋರ್ಡುಗಳ ಅಕ್ಷರ ಬದಲಾಗುತ್ತಿತ್ತು, ಹೊಲ ಬದಲಾಗುತ್ತಿರಲಿಲ್ಲ.

ತನುಜಾಳ ಕಾಲ ಬಳಿ ಬ್ಯಾಗು, ತೊಡೆಯ ಮೇಲೆ ಚೊಂಬು.

"ತೀರ್ಥನಾ ಕಣಮ್ಮ?" ಎಂದು ಪಕ್ಕದ ಸೀಟಿನ ಹೆಂಗಸು ಕೇಳಿದಳು. ಬ್ರಹ್ಮಸಮುದ್ರದ ಕಡೆಯವಳು, ಮಗಳ ಮನೆಗೆ ಹೋಗಿ ಬರುತ್ತಿದ್ದಳು.

"ಖಾಲಿ," ಎಂದಳು ತನುಜಾ.

"ಹಿಂದೂಪುರದೋರಾ? ಅಲ್ಲಿ ಏನೋ ನಡೀತಂತಲ್ಲ. ಕಡ್ಲೆಕಾಯಿ ತೋಟಪ್ಪನ ಮಗಳು ಮೇಷ್ಟ್ರ ಜೊತೆ ಹೋಗ್ಬುಟ್ಲಂತೆ."

"ಹಂಗೇನಿಲ್ವಂತೆ. ಆ ಮೇಷ್ಟ್ರು ಊರಾಗೇ ಅವ್ನೆ. ಯಾರೋ ತಪ್ಪು ಹೇಳಿದ್ದಂತೆ."

"ಪೋನಿಲೆ, ಹೋಗ್ಲಿ ಬುಡಮ್ಮ. ಯಾರೋ ಹೇಳಿದ್ದಾ? ಡಿಟೆಕ್ಟಿವ್ ಹೇಳಿದ್ದಂತೆ. ಅವ್ರಿಗೆ ಗೊತ್ತಿಲ್ದೆ ಹೇಳ್ತಾರಾ?"

ತನುಜಾ ಮುಖ ಕಿಟಕಿಗೆ ತಿರುಗಿಸಿದಳು. ಹಿಂದೂಪುರದಲ್ಲಿ ಹೇಳಿದ ಸುಳ್ಳು ಎರಡು ರಾಜ್ಯ ದಾಟಿ ಬಸ್ಸಿನಲ್ಲಿ ಕೂತಿತ್ತು. ಅವಳ ಕೆಲಸದ ಮೇಲೆ ಆ ಹೆಂಗಸಿಗಿದ್ದ ನಂಬಿಕೆಯೇ ಅವಳನ್ನು ಹೆಚ್ಚು ಚುಚ್ಚಿತು. ತೋಟಪ್ಪನವರಿಗೆ ಹೇಳಬೇಕಾದ ಕ್ಷಮೆಯ ಮಾತನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿದಳು, ಕೆಡಿಸಿದಳು, ಮತ್ತೆ ಜೋಡಿಸಿದಳು. ಯಾವುದೂ ಸರಿ ಕೂರಲಿಲ್ಲ.

*

ತೋಟಪ್ಪನವರ ಮನೆಯ ಮುಂಭಾಗ ಅಂಗಡಿ, ಹಿಂದೆ ವಾಸ. ಮೂಟೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಪ್ರತಿ ಮೂಟೆಯ ಬಾಯಲ್ಲೂ ಅದೇ ಹುರಿ, ಅದೇ ಹೊಲಿಗೆ. ನೋಡಿದೊಡನೆ ತನುಜಾಳ ಕೈಯಲ್ಲಿದ್ದ ಬ್ಯಾಗು ಭಾರವಾಯಿತು.

ತೋಟಪ್ಪ ಗಾದಿಯ ಮೇಲೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಿಳಿ ಅಂಗಿ. ತೂಕದ ಯಂತ್ರದ ಮೇಲೆ ಧೂಳು ಕೂತಿತ್ತು. ಅವಳು ಯಾರೆಂದು ಅವರಿಗೆ ಗೊತ್ತಾಯಿತು. ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

"ನಾನು ಹಿಂದೂಪುರದ ತನುಜಾ. ದಿವ್ಯ ವಿಷಯದಾಗೆ ನಾನು ತಪ್ಪು ಹೇಳಿದ್ದೆ. ಅದನ್ನ ನಿಮ್ಮ ಮುಂದೆ..."

"ಹೇಳಿದ್ದಾಯ್ತಲ್ಲ," ಎಂದರು ತೋಟಪ್ಪ.

"ಅವಳು ಯಾರ ಜೊತೆಗೂ ಹೋಗಿಲ್ಲ."

"ನಂಗೆ ಮಗಳೇ ಇಲ್ಲ ಅಂತ ಇದೇ ಅಂಗ್ಡಿಯಾಗೆ ಕೂತ್ಕಂಡು ಊರಿಗೆಲ್ಲ ಹೇಳ್ಬುಟ್ಟೀನಿ. ಈಗ ನೀವು ಬಂದು ಇಲ್ದೋಳ ಸುದ್ದಿ ಹೇಳ್ತೀರಿ." ಅವರು ಪಕ್ಕದಲ್ಲಿದ್ದ ಒಂದು ಕಡಲೆಕಾಯಿಯನ್ನು ಎತ್ತಿ, ಸುಲಿಯದೆ, ಮತ್ತೆ ಅಲ್ಲೇ ಇಟ್ಟರು. "ಒಳಗೆ ನನ್ನ ಹೆಂಡ್ತಿ ಅವ್ಳೆ. ಮಾತಾಡ್ಸಿ ಹೊರಡಿ."

ಒಳಗೆ ಅಡುಗೆಮನೆಯ ಹೊಸಿಲ ಬಳಿ ದಿವ್ಯಳ ತಾಯಿ ಬನಶಂಕರಮ್ಮ ಕೂತಿದ್ದರು. ಸೆರಗು ತಲೆಯ ಮೇಲೆ. ಮುಂದೆ ಮೊರದಲ್ಲಿ ಅಕ್ಕಿ ಇತ್ತು. ಅದರಲ್ಲಿ ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಕೈ ಆಡುತ್ತಿತ್ತು.

ತನುಜಾ ಬ್ಯಾಗನ್ನು ಅವರ ಮುಂದಿಟ್ಟು, ಪಕ್ಕದಲ್ಲಿ ಚೊಂಬು ಇಟ್ಟಳು.

ಬನಶಂಕರಮ್ಮನ ಕೈ ನಿಂತಿತು. ಅವರು ಬ್ಯಾಗು ನೋಡಲಿಲ್ಲ, ಚೊಂಬನ್ನೇ ನೋಡಿದರು. ನೋಡುತ್ತ ನೋಡುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇದನ್ನ ತುಂಬಿದೋರು ದಿವ್ಯಂಗೆ ಕೆಟ್ಟದ್ದು ಮಾಡೋಕೆ ತುಂಬಿದ್ದಾರೆ ಅನ್ಕಂಡೆ ನಾನು," ಎಂದು ತನುಜಾ ಮೆಲ್ಲಗೆ ಹೇಳಿದಳು. "ಬ್ಯಾಗಿನ ಬಾಯಿ ಯಾಕಮ್ಮ ಹೊಲಿದಿದ್ದು?"

ಮುಂಭಾಗದ ಅಂಗಡಿಯಲ್ಲಿ ಸದ್ದು ನಿಂತಿತ್ತು.

"ರೈಲ್ನಾಗೆ ಕಳ್ರು ಇರ್ತಾರಂತಲ್ಲ," ಎಂದರು ಬನಶಂಕರಮ್ಮ. "ಮಲಗಿದಾಗ ಬ್ಯಾಗಿಗೆ ಕೈ ಹಾಕ್ತಾರಂತೆ. ಟಿವಿಯಾಗೆ ತೋರಿಸ್ತಾರೆ. ಅದ್ಕೆ ಹೊಲ್ದೆ. ದಬ್ಬಳ ಇತ್ತು, ಹುರಿ ಇತ್ತು. ನಂಗೆ ಬರೋ ಹೊಲಿಗೆ ಅದೊಂದೇ."

"ಹೊದಿಕೆ ಅಡಿಗಿಟ್ಟಿದ್ದು?"

"ಮ್ಯಾಲಿದ್ರೆ ಕೊಳೆಯಾಗ್ತೈತೆ ಅಂತ. ಒಗ್ದು ಬಿಸ್ಲಿಗೆ ಹಾಕಿದ್ದೆ."

"ಚೊಂಬು?"

"ಗಾಡಿಯಾಗೆ ಯಾರ್ದೋ ಕೈ ನೀರು ಯಾಕೆ ಕುಡೀಬೇಕು? ಚಿಕ್ಕೋಳಾಗಿಂದ ಅದ್ರಾಗೇ ಕುಡಿಯೋಳು." ಬನಶಂಕರಮ್ಮ ಚೊಂಬನ್ನು ಎಳೆದು ಮಡಿಲಿಗೆ ಹಾಕಿಕೊಂಡರು. "ಅವ್ಳು ಓದಕ್ಕೆ ಹೋಗೋವಾಗೆಲ್ಲ ತಾನೇ ಬ್ಯಾಗು ತುಂಬ್ಕಂಡು ಹೋಗೋಳು. ಅದ್ರಾಗೆ ಏನಿಟ್ಕಂತಾಳೆ ಅಂತ ಒಂದಿನಾನೂ ನೋಡ್ಲಿಲ್ಲ ನಾನು. ಗೊತ್ತಿದ್ರಲ್ವಾ ಸರಿಯಾಗಿ ತುಂಬೋದು?"

ತನುಜಾ ಅವರ ಎದುರು ನೆಲದ ಮೇಲೆ ಕೂತಳು. ಎರಡು ದಿನ ಅವಳು ಈ ಸಾಮಾನನ್ನು ಹರಡಿಕೊಂಡು ಕೂತಿದ್ದಳು. ಪ್ರತಿಯೊಂದರಲ್ಲೂ ದ್ವೇಷ ಹುಡುಕಿದ್ದಳು.

"ದಿವ್ಯ ಕೇಳಿದ್ಲಾ ಬ್ಯಾಗು ಕಳ್ಸು ಅಂತ?"

"ಮೊದ್ಲು ಅದಲ್ಲ ಕೇಳಿದ್ದು ಕಣಮ್ಮ." ಬನಶಂಕರಮ್ಮ ಅಂಗಡಿಯ ಕಡೆಯ ಬಾಗಿಲನ್ನು ಒಮ್ಮೆ ನೋಡಿ ದನಿ ತಗ್ಗಿಸಿದರು. "ಸ್ಕೂಲಿಂದ ಯಾರ್ದೋ ಫೋನಾಗೆ ಮಾಡಿದ್ಲು. ಅವ್ಳ ಫೋನು ಗಂಡ ಕಿತ್ಕಂಡಿದ್ನಂತೆ. ಕೈ ಮಾಡ್ದ ಕಣಮ್ಮ, ಮನೆಗೆ ಬತ್ತೀನಿ ಅಂದ್ಲು. ನಾನೇನಂದೆ ಗೊತ್ತಾ? ಈಗ ಬ್ಯಾಡ ದಿವ್ಯ, ನಿಮ್ಮಪ್ಪ ನಾಲ್ಕು ಜನದಾಗೆ ತಲೆ ಎತ್ಕಂಡು ಓಡಾಡೋರು, ಸ್ವಲ್ಪ ತಡ್ಕೋ ಅಂದೆ."

"ಅದಕ್ಕೆ ಏನಂದ್ಲು?"

"ಒಂದು ಗಳಿಗೆ ಸುಮ್ಕಾದ್ಲು. ಆಮ್ಯಾಕೆ, ಆಯ್ತಮ್ಮ, ಹಂಗಾದ್ರೆ ಹೈದರಾಬಾದಿಗೆ ಹೋಯ್ತೀನಿ, ಅಲ್ಲೊಂದು ಕೆಲ್ಸ ಹೇಳವ್ರೆ, ಈ ಮನೆಯಿಂದ ಬ್ಯಾಗು ಹಿಡ್ಕಂಡು ಆಚೆ ಬರಕ್ಕಾಗಲ್ಲ, ಎರಡು ಜೊತೆ ಬಟ್ಟೆ ಕಳ್ಸು ಸಾಕು ಅಂದ್ಲು." ಬನಶಂಕರಮ್ಮ ಬ್ಯಾಗಿನ ಮೇಲೆ ಕೈಯಿಟ್ಟರು. "ಎರಡು ಜೊತೆ ಕೇಳಿದ್ಲು. ನಾನು ನನ್ನ ಸೀರೆನೆಲ್ಲ ತುಂಬ್ದೆ. ಮನೆಗೆ ಬಾ ಅನ್ನಕ್ಕೆ ಆಗ್ಲಿಲ್ವಲ್ಲ, ಅದ್ಕೆ."

ತನುಜಾ ಬ್ಯಾಗಿನಿಂದ ಹೊರಗಿಣುಕಿದ ಸೀರೆಯ ಅಂಚನ್ನು ಒಳಗೆ ಒತ್ತಿದಳು.

"ಇಷ್ಟು ದಿನ ಯಾಕಮ್ಮ ಬಾಯಿ ಬಿಡ್ಲಿಲ್ಲ?" ಎಂದು ಕೇಳಿದಳು.

"ಎಂಗೆ ಬಿಡ್ಲಿ? ಮೇಷ್ಟ್ರ ಜೊತೆ ಹೋದ್ಲು ಅಂತ ನೀವೇ ಹೇಳಿದ್ರಿ. ಬ್ಯಾಗು ಕಟ್ಟಿಕೊಟ್ಟೋಳು ನಾನು ಅಂದ್ರೆ, ತಾಯಿನೇ ಕಳ್ಸಿಕೊಟ್ಲು ಅಂತಿರ್ಲಿಲ್ವಾ ಜನ? ನೀವು ಹೇಳಿದ್ದು ನಿಜನೇ ಇರ್ಬೋದು ಅಂತ ನಂಗೂ ಒಂದೊಂದ್ಸಲ ಅನ್ನಿಸ್ತು. ಹೆತ್ತೋಳಿಗೆ ಹಂಗನ್ನಿಸ್ತು ನೋಡಿ." ಅವರು ಮುಖ ತಿರುಗಿಸಿದರು. "ನಾಚ್ಕೆ ಆಗ್ತೈತೆ."

ಆ ಮಾತು ತನ್ನದೂ ಹೌದು ಎನ್ನಬೇಕೆನಿಸಿತು ತನುಜಾಳಿಗೆ. ಆದರೆ ಅದನ್ನು ಹೇಳಿ ತನ್ನ ಎದೆ ಹಗುರ ಮಾಡಿಕೊಳ್ಳುವುದಕ್ಕೆ ಈ ಹೆಂಗಸೇ ಸಿಗಬೇಕೆ?

"ಬ್ಯಾಗನ್ನ ಹಿಂದೂಪುರಕ್ಕೆ ಯಾರು ತಂದ್ರು?" ಎಂದಳು.

"ನಮ್ಮ ಗುಮಾಸ್ತೆ ಅಮರೇಶಪ್ಪ. ಸ್ಟೇಷನ್ನಾಗೆ ಅವ್ಳ ಕೈಗೆ ಕೊಟ್ಟು ಬಂದೆ, ಗಾಡಿ ಹತ್ತಿದ್ಲು ಅಂದ."

"ಅಮರೇಶಪ್ಪ ಹೋಗ್ಲಿಲ್ಲ."

ಮಾತು ಬಾಗಿಲಿಂದ ಬಂತು. ತೋಟಪ್ಪ ಅಂಗಡಿಗೂ ಮನೆಗೂ ನಡುವಿನ ಹೊಸಿಲ ಮೇಲೆ ನಿಂತಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ.

"ಹುರಿ ಹಾಕಿ ಹೊಲಿದ ಬ್ಯಾಗು ಅವ್ನ ಕೈಯಾಗೆ ನೋಡ್ದೆ. ಏನ್ಲಾ ಅದು ಅಂದೆ. ಹೇಳ್ಬುಟ್ಟ. ನಿನ್ನ ಹತ್ರ ಹೇಳ್ಬ್ಯಾಡ ಅಂತ ಅವ್ನಿಗೆ ಹೇಳಿ ನಾನೇ ತಕ್ಕಂಡೋದೆ."

ಬನಶಂಕರಮ್ಮ ಗಂಡನನ್ನು ನೋಡುತ್ತಲೇ ಉಳಿದರು. ಮಡಿಲಲ್ಲಿದ್ದ ಚೊಂಬು ಜಾರಿ ನೆಲಕ್ಕೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

"ನೀವು ದಿವ್ಯನ್ನ ನೋಡಿದ್ರಾ?" ಎಂದು ತನುಜಾ ಎದ್ದು ನಿಂತಳು.

"ಗಾಡಿ ನಿಂತಿತ್ತು. ಬ್ಯಾಗು ಕೊಟ್ಟೆ. ಮಾತಾಡ್ಲಿಲ್ಲ ನಾನು. ಬ್ಯಾಗು ಬರ್ತ್ ಮ್ಯಾಲಿಟ್ಟು ಮತ್ತೆ ಬಾಗ್ಲಿಗೆ ಬಂದ್ಲು. ಅಪ್ಪ, ಹೋಗ್ಬತ್ತೀನಿ ಅಂದ್ಲು. ಗಾಡಿ ಹೊಂಟಿತು. ಕೈ ಹಿಡ್ಕಂಡು ಕೆಳಕ್ಕೆ ಎಳ್ಕಂಡೆ." ತೋಟಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಬಿಡಿಸ್ಕೊಂಡಿದ್ರೆ ಬಿಡಿಸ್ಕೋಬೋದಿತ್ತು. ಬಿಡಿಸ್ಕೊಳ್ಲಿಲ್ಲ. ನಗ್ತಾ ಇಳಿದ್ಲು. ಮನೆಗೆ ಕರ್ಕಂಡೋಗಕ್ಕೆ ಬಂದವ್ನೆ ನಮ್ಮಪ್ಪ ಅನ್ಕಂಡ್ಲು."

"ಕರ್ಕಂಡು ಬರ್ಲಿಲ್ವಲ್ಲ ನೀವು," ಎಂದರು ಬನಶಂಕರಮ್ಮ.

"ಬರ್ಲಿಲ್ಲ. ಬೆಳಗಾಗೆದ್ದು ಜನ ಕೇಳಿದ್ರೆ ಏನನ್ಲಿ ಅಂತ ಕಾರು ಚಿಲಮತ್ತೂರಿಗೆ ತಿರುಗಿಸ್ದೆ. ನಮ್ಮ ಅಕ್ಕ ನಿರ್ಮಲಮ್ಮನ ಮನೆಯಾಗೆ ಬಿಟ್ಟೆ. ಬೀಗ್ರ ಹತ್ರ ಮಾತಾಡಿ ಸರಿ ಮಾಡ್ತೀನಿ, ಅಲ್ಲಿಗಂಟ ಹೊರಗೆ ಬರ್ಬ್ಯಾಡ ಅಂದೆ. ಕಾರಾಗೆ ಆಮ್ಯಾಕೆ ಒಂದು ಮಾತೂ ಆಡ್ಲಿಲ್ಲ ಅವ್ಳು."

ಮಗಳಿಲ್ಲ ಎಂದು ಊರಿಗೆಲ್ಲ ಸಾರಿದ ಮನುಷ್ಯ ಮಗಳನ್ನು ತಾನೇ ಬಚ್ಚಿಟ್ಟಿದ್ದ. ತನುಜಾಳಿಗೆ ಒಂದು ಕ್ಷಣ ಜೀವ ಬಂದಂತಾಯಿತು. ದಿವ್ಯ ಇದ್ದಾಳೆ. ಬಸ್ಸು ಹಿಡಿದರೆ ಸಂಜೆಯೊಳಗೆ ಚಿಲಮತ್ತೂರು ಮುಟ್ಟಬಹುದು.

"ಹಂಗಾದ್ರೆ ಅಲ್ಲೇ ಅವ್ಳೆ," ಎಂದಳು.

"ಇದ್ದಿದ್ರೆ ನಾನು ಹಿಂಗೆ ಕೂತಿರ್ತಿದ್ನಾ?" ಎಂದರು ತೋಟಪ್ಪ. "ಬೀಗ್ರ ಹತ್ರ ಹೋಗಕ್ಕೆ ನಾನು ಧೈರ್ಯ ಮಾಡ್ಕಂತಿದ್ದೆ. ಅಷ್ಟ್ರಾಗೆ, ನೀವು ಹೇಳಿದ ಮಾರನೇ ದಿನವೇ, ನಿಮ್ಮ ಮಾತು ಚಿಲಮತ್ತೂರಿಗೆ ಹೋಯ್ತು. ಮೇಷ್ಟ್ರ ಜೊತೆ ಓಡೋದೋಳನ್ನ ನನ್ನ ಮನೆಯಾಗೆ ಯಾಕೆ ತಂದಿಟ್ಟೆ ಅಂತ ನಮ್ಮಕ್ಕ ಫೋನಾಗೆ ಕೂಗಾಡಿದ್ಲು. ದಿವ್ಯ ಅಲ್ಲೇ ನಿಂತಿದ್ಲು. ಎಲ್ಲ ಕೇಳಿಸ್ಕಂಡ್ಲು. ಮಧ್ಯಾಹ್ನಾನೇ ಉಟ್ಟ ಬಟ್ಟೆಯಾಗೇ ಹೊಂಟೋದ್ಲು."

"ಎಲ್ಲಿಗೆ?"

"ಹಿಂದೂಪುರಕ್ಕೆ. ಆ ಡಿಟೆಕ್ಟಿವ್ ಅಮ್ಮ ಯಾರು, ಅವ್ಳ ಮುಂದೆ ನಿಂತ್ಕಂತೀನಿ, ನನ್ನ ಮುಖ ನೋಡಿ ಆ ಮಾತು ಹೇಳ್ಲಿ ಅಂದ್ಲಂತೆ." ತೋಟಪ್ಪ ಮೊದಲ ಸಲ ತನುಜಾಳ ಕಣ್ಣು ನೋಡಿದರು. "ನಿಮ್ಮತ್ರಕ್ಕೇ ಹೊಂಟಿದ್ದು ಕಣಮ್ಮ ಅವ್ಳು."

ಅವತ್ತು ಮಧ್ಯಾಹ್ನ ತಾನು ಎಲ್ಲಿದ್ದೆ ಎಂದು ತನುಜಾ ಯೋಚಿಸಬೇಕಾಗಿರಲಿಲ್ಲ. ಅವತ್ತು ಮಧ್ಯಾಹ್ನ ಅವಳು ಆಫೀಸಿಗೆ ಬೀಗ ಹಾಕಿ, ಮುತ್ತುರಾಜನ ಸ್ಕೂಲಿನಲ್ಲಿ ಕೂತು, ಅವನ ಕೆಲಸ ತೆಗೆಸುತ್ತಿದ್ದಳು. ಆಮೇಲೆ ಅವತ್ತು ಆಫೀಸಿಗೆ ಮರಳಿರಲೂ ಇಲ್ಲ.

"ನನ್ನ ಹತ್ರ ಬರ್ಲಿಲ್ಲ," ಎಂದಳು. "ನಾನು ಇರ್ಲಿಲ್ಲ. ಆದ್ರೆ ಬಂದಿದ್ರೆ ಯಾರಾನ ಹೇಳ್ತಿದ್ರು. ಅವ್ಳು ಬರ್ಲಿಲ್ಲ."

ತೋಟಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿ ಕರವಸ್ತ್ರದ ಗಂಟೊಂದನ್ನು ತೆಗೆದರು. ಬಿಚ್ಚಿ ಅಂಗೈ ಮೇಲೆ ಇಟ್ಟರು. ತೆಳು ಚೌಕಟ್ಟಿನ ಕನ್ನಡಕ. ಒಂದು ಗಾಜು ಸೀಳಿತ್ತು.

ಬನಶಂಕರಮ್ಮ ಕೂತಲ್ಲಿಂದಲೇ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. "ಅದಿಲ್ದೆ ಎದುರಿಗಿರೋರ ಮುಖಾನೂ ಕಾಣಲ್ಲ ಅವ್ಳಿಗೆ," ಎಂದರು.

"ಎಲ್ಲಿ ಸಿಕ್ತು ಇದು?"

"ಅವ್ಳು ಹೊಂಟ ಮಾರನೇ ದಿನ ನಿಮಗೆ ನಿಜ ಹೇಳ್ಬುಡಾಣ ಅಂತ ಹಿಂದೂಪುರಕ್ಕೆ ಬಂದೆ. ಬೆಳಿಗ್ಗೆನೇ. ನಿಮ್ಮ ಆಫೀಸಿನ ತಂಕ ಬಂದೆ. ಇನ್ನೂ ತೆಗೆದಿರ್ಲಿಲ್ಲ. ಕಾಯಕ್ಕೆ ಮುಖ ಇರ್ಲಿಲ್ಲ ನಂಗೆ. ತಿರುಗಿ ಹೊಂಟಾಗ ಏನೋ ಮಿಂಚಿದಂಗಾಯ್ತು."

"ಬಾಗ್ಲ ಮುಂದೆ ಬಿದ್ದಿತ್ತಾ?"

"ಮುಂದೆ ಅಲ್ಲ ಕಣಮ್ಮ. ಒಳಗೆ. ಕಬ್ಬಿಣದ ಗ್ರಿಲ್ಲಿನ ಒಳಗಡೆ. ಗ್ರಿಲ್ಲಿಗೆ ಬೀಗ ಹಾಕಿತ್ತು. ಸಂದಿಯಾಗೆ ಕೈ ತೂರಿಸಿ ತಕ್ಕಂಡೆ."

ತನುಜಾ ಕನ್ನಡಕವನ್ನೇ ನೋಡುತ್ತ ನಿಂತಳು. ಆ ಗ್ರಿಲ್ಲಿನ ಬೀಗಕ್ಕೆ ಇರುವುದು ಎರಡೇ ಕೀಲಿಕೈ. ಒಂದು ಅವತ್ತು ಇಡೀ ದಿನ ಅವಳ ಪರ್ಸಿನಲ್ಲೇ ಇತ್ತು. ಇನ್ನೊಂದು ಇರುವುದು ಮಳಿಗೆಯ ಮಾಲೀಕ ಶರಣಬಸವನ ಬಳಿ.